ಮುನ್ನೂರು ರಾಣಿಯರಲ್ಲಿ ನಮ್ಮವಳು

ಫೆಬ್ರವರಿ 18
ಲೋಕಕ್ಕೆ ಈ ಮೂಲಕ ಪ್ರಕಟಿಸುವುದೇನೆಂದರೆ — ಹಿಂದಿನ ಕೋಣೆಯ ಕಪಾಟಿನ ಮೇಲಿನ ಖಾನೆ ಸಂಪೂರ್ಣ ಖಾಲಿಯಾಗಿದೆ. ಮೂರು ದಿನದ ಏಕಾಂಗಿ ಹೋರಾಟ. ಕೆಟ್ಟ ಫ್ಯಾನು ಗುಜರಿಗೆ. ಹೆಂಡತಿ ಫುಮಿಎ ತೀರಿಕೊಂಡ ಮೇಲೆ ನಾಲ್ಕು ವರ್ಷ ಯಾರೂ ಮುಟ್ಟದ ಗೊಂಬೆಪೆಟ್ಟಿಗೆ ಮಹಿಳಾ ಸಂಘಕ್ಕೆ. ಮಾರ್ಚ್ ಮೂರರ ಗೊಂಬೆಹಬ್ಬಕ್ಕೆ ಊರಿನವರು ಕೊಟ್ಟದ್ದನ್ನೆಲ್ಲ ಗುಡಿಯ ಅರವತ್ತು ಮೆಟ್ಟಿಲ ತುಂಬ ಜೋಡಿಸುತ್ತಾರೆ. ಹೆಣ್ಣುಮಕ್ಕಳ ಹಬ್ಬ. ನಮ್ಮನೆಯಲ್ಲಿ ಈಗ ಇರುವುದು ನಾನು ಮತ್ತು ಕ್ಷೌರದ ಕುರ್ಚಿ.
ಮಧ್ಯಾಹ್ನ ಮೂರು ತಲೆ. ಒಂದು ಬೋಳು, ಅರ್ಧ ಲೆಕ್ಕ.

ಫೆಬ್ರವರಿ 21
ಸಾಯೊ ಫೋನು. ಅಮ್ಮನ ಕಾರ್ಯಕ್ಕೆ ಬಂದುಹೋದ ಮಗಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.
"ಅಪ್ಪ, ಮೂರನೇ ತಾರೀಕು ಬರ್ತೀನಿ. ಕೊಹರುಗೆ ಐದು ತುಂಬ್ತು. ನನ್ನ ರಾಜ-ರಾಣಿ ಗೊಂಬೆ ತೋರಿಸ್ಬೇಕು ಅವಳಿಗೆ. ಕಪಾಟಲ್ಲೇ ಇದೆ ತಾನೆ?"
"ಮತ್ತೆ ಇನ್ನೆಲ್ಲಿಗೆ ಹೋಗತ್ತೆ?" ಅಂದೆ.
ಇದು ಸುಳ್ಳಲ್ಲ. ಪ್ರಶ್ನೆ.

ಫೆಬ್ರವರಿ 22
ಅಂಗಡಿ ಮುಚ್ಚಿ ಗುಡಿಗೆ ಓಡಿದೆ. ಮೆಟ್ಟಿಲಿಗೆಲ್ಲ ಕೆಂಪು ಬಟ್ಟೆ, ಅದರ ಮೇಲೆ ಗೊಂಬೆ ಸೈನ್ಯ. ಸಂಘದ ಅಧ್ಯಕ್ಷೆ ಕುರೊಕಿ, ಕೊರಳಲ್ಲಿ ಸೀಟಿ.
"ನಿಮ್ಮ ರಾಣಿ ಹೇಗಿದ್ಲು?"
"ಬಿಳಿ ಮುಖ. ಸಣ್ಣ ಕಣ್ಣು. ಕೆಂಪು ಉಡುಪು."
"ಕತ್ತರಿ ಯಜಮಾನ್ರೇ, ಇಲ್ಲಿ ಮುನ್ನೂರು ಜನ ರಾಣಿಯರಿದಾರೆ. ಎಲ್ರಿಗೂ ಬಿಳಿ ಮುಖ, ಸಣ್ಣ ಕಣ್ಣು. ಪೆಟ್ಟಿಗೆ ಮೇಲೆ ಹೆಸರು ಬರೆದಿದ್ರಾ?"
"ಇಲ್ಲ."
"ಕೊಡೋವಾಗ ಒಂದ್ಸಲ ಮುಖನಾದ್ರೂ ನೋಡಿದ್ರಾ?"
ಹತ್ತಿರದ ರಾಣಿಯೊಬ್ಬಳ ಕಿರೀಟ ನೆಟ್ಟಗೆ ಮಾಡಿದೆ. ಅವರು ಸೀಟಿ ಊದಲಿಲ್ಲ. ಮಾರ್ಚ್ ನಾಲ್ಕರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಗೊಂಬೆ ಲಾರಿ ಹತ್ತುತ್ತವಂತೆ. ಪಕ್ಕದ ಊರಿಗೆ; ಅಲ್ಲಿ ಹಬ್ಬ ಒಂದು ತಿಂಗಳು ತಡ.

ಫೆಬ್ರವರಿ 26
ದಿನಾ ಹೋಗುತ್ತಿದ್ದೇನೆ. ಮುಖ ನೋಡಿ ಸೋತೆ. ನಲವತ್ತು ವರ್ಷ ಕತ್ತರಿ ಆಡಿಸಿದವನು, ಹಿಂದಲೆ ನೋಡಿ ಜನರ ಗುರುತು ಹಿಡಿಯುತ್ತೇನೆ — ಹಾಗಾಗಿ ಇವತ್ತು ಮೇಲಿನಿಂದ ಇಳಿಯುತ್ತ ಹಿಂದಲೆಗಳನ್ನು ನೋಡಿದೆ. ಮುನ್ನೂರಕ್ಕೂ ಒಂದೇ ಜಡೆ. ಪ್ರವಾಸಿಗಳು ನನ್ನ ಫೋಟೋ ತೆಗೆದುಕೊಂಡರು.
ನಿಜ ಬರೆಯುವುದಾದರೆ... ವರ್ಷ ವರ್ಷ ತಾಯಿ ಮಗಳು ಹಿಂದಿನ ಕೋಣೆಯಲ್ಲಿ ಗೊಂಬೆ ಜೋಡಿಸಿ ನನ್ನನ್ನು ಕರೆಯುತ್ತಿದ್ದರು. "ಗಿರಾಕಿ ಇದ್ದಾರೆ" ಅನ್ನುತ್ತಿದ್ದೆ. ಒಮ್ಮೆ ಹೋದದ್ದುಂಟು. ಗೊಂಬೆಯ ಮುಂದಿಟ್ಟ ಮಿಠಾಯಿ ತಿಂದು ಬಂದೆ.

ಮಾರ್ಚ್ 2
ಕುರೊಕಿಗೇ ಕನಿಕರ ಬಂತು.
"ಯಾವ್ದಾದ್ರೂ ಒಂದು ಜೋಡಿ ತಗೊಂಡ್ಹೋಗಿ. ಲಾರಿ ಹೊರಡೋದ್ರೊಳಗೆ ವಾಪಸ್ ಬರ್ಬೇಕು. ಸಿಕ್ಕಿಬಿದ್ರೆ ನನ್ನ ಹೆಸರು ಎತ್ತಬೇಡಿ."
ಹನ್ನೆರಡನೇ ಮೆಟ್ಟಿಲಿನವಳನ್ನು ಆರಿಸಿದೆ. ನನ್ನ ಮೇಲೆ ಸಿಟ್ಟಾಗಿರುವಂತಿದ್ದಳು. ನಮ್ಮವಳೇ ಇರಬೇಕು.

ಮಾರ್ಚ್ 3, ಸಂಜೆ
ಬಂದರು. ಕೊಹರು ಗೊಂಬೆಯ ಮುಂದೆ ಮಂಡಿಯೂರಿ ಕೂತಳು.
"ಅಮ್ಮ, ಇದೇನಾ ನಿಂದು?"
ಸಾಯೊ ನೋಡಿದಳು. ಒಲೆಯ ಮೇಲಿನ ಹಬ್ಬದ ಕಪ್ಪೆಚಿಪ್ಪಿನ ಸಾರು ಉಕ್ಕುವಷ್ಟು ಹೊತ್ತು ನೋಡಿದಳು.
"ಹೂಂ. ಇದೇ."
ರಾಣಿಯ ಕೈಯ ಬೀಸಣಿಗೆ ಸರಿ ಮಾಡಿದಳು. ನನ್ನ ಕಡೆ ತಿರುಗಿ, "ತುಂಬಾ ಚೆನ್ನಾಗಿದೆ ಅಪ್ಪ" ಅಂದಳು.
ಸ್ವಂತ ಗೊಂಬೆಗೆ ಯಾರೂ ಹಾಗೆನ್ನುವುದಿಲ್ಲ. ಅದು ಬೇರೆಯವರ ಮನೆಗೆ ಹೋದಾಗ ಆಡುವ ಮಾತು.
ಐದರ ರೈಲಿಗೆ ಹೊರಟರು. ಹೇಳಿಬಿಡೋಣವೆಂದು ಸ್ಟೇಷನ್ನಿನಲ್ಲಿ ಬಾಯಿ ತೆರೆದೆ. "ಚಳಿ ಇದೆ, ಮಗೂಗೆ ಟೋಪಿ ಹಾಕು" ಅಂತ ಬಂತು.
"ಹಾಕಿದೀನಪ್ಪ" ಅಂದಳು. ಹಾಕಿದ್ದಳು.

ಮಾರ್ಚ್ 4, ಬೆಳಿಗ್ಗೆ 7
ಮಂಡಿ ಹಿಡಿದಿದೆ. ಹತ್ತು ದಿನ ಮೆಟ್ಟಿಲು ಹತ್ತಿಳಿದ ಫಲ. ಗೋಡೆ ಹಿಡಿದು ಬಾಗಿಲವರೆಗೆ ಹೋದೆ, ಗೋಡೆ ಹಿಡಿದೇ ವಾಪಸ್ ಬಂದೆ. ಕುರೊಕಿ ಫೋನು ಎತ್ತುತ್ತಿಲ್ಲ.
ಈ ಪುಸ್ತಕ ಓದುತ್ತಿರುವವರು ಯಾರಾದರೂ ಇದ್ದರೆ — ಓದಬಾರದಿತ್ತು, ಓದಿದ್ದೀರಿ. ದಂಡವಾಗಿ ಸಣ್ಣದೊಂದು ಉಪಕಾರ ಮಾಡಿ. ಬಾಗಿಲ ಬಳಿ ಪೆಟ್ಟಿಗೆಯಿದೆ. ಒಂಬತ್ತರೊಳಗೆ ಗುಡಿಗೆ ಮುಟ್ಟಿಸಿ. ಹಾಗೆಯೇ, ಲಾರಿ ಹೊರಡುವ ಮೊದಲು ಉಳಿದ ರಾಣಿಯರನ್ನೂ ಒಮ್ಮೆ ನೋಡಿಬನ್ನಿ. ನಮ್ಮವಳನ್ನು ಗುರುತಿಸುವುದು ಸುಲಭ. ಅವಳ ಮುಖ...