ಅಳತಿ ಕುಬಸ

ನೋಡ್ರಿ, ಅತ್ತಿಯವರನ್ನ ಕರ್ಕೊಂಡು ಹತ್ತರ ಬಸ್ಸಿಗಿ ಬೀದರಿಗಿ ಹೋಗ್ತೇನಿ. ನೀವು ತಂದ ಎರಡೂ ಬ್ರಾ ಕಪಾಟಿನ್ಯಾಗ ಅವ, ಔರಾದ ಅಂಗಡಿಗಿ ವಾಪಸ್ ಕೊಡ್ರಿ. ನನ್ನ ಮದಿವಿ ಕುಬಸ ಅಳತಿಗಿ ತೋರಿಸಿ ತಂದೀರಂತ. ಈಗ ಬಸಿರಿಗಿ ಏಳನೇ ತಿಂಗಳು, ಆ ಮೈ ಎಲ್ಲಿ ಉಳದದ? ಎದಿಗಿ ಬಿಗಿ ಆಗಿ, ಪಟ್ಟಿ ಹೆಗಲ ಕಚ್ಚತದ. ಬೀದರದ ಅಂಗಡ್ಯಾಗ ಹೆಣ್ಮಗಳೊಬ್ಬಳು ಟೇಪ್ ಹಿಡಿದು ಅಳೀತಾಳಂತ.

ತೊಳದ ಹಳೇ ಬ್ರಾ ಹಗ್ಗದ ಮ್ಯಾಲ ಅವ. ಮಂದಿಗಿ ನಾಚಿ ಟವೆಲ್ ಮುಚ್ಚಬ್ಯಾಡ್ರಿ, ಹಸಿ ಉಳಿದು ಮೈ ತುರಸ್ತದ.

ಬ್ಯಾಳಿ ಒಲಿ ಮ್ಯಾಲದ, ರೊಟ್ಟಿ ಬುಟ್ಟ್ಯಾಗ ಅವ.

ಅತ್ತಿಯವರಿಗಿ ಸುಮ್ಮನ ಜೊತಿಗಿ ಬರ್ರಿ ಅಂದಿದ್ದೆ. ಈಗ ಚಪ್ಪಲಿ ಹಾಕೋತ ಕೇಳಿದ್ರು: "ಜೀವನ ಪೂರಾ ಟೇಲರಗ ಹಳೀ ಕುಬಸಾನೇ ಕೊಟ್ಟೀನಿ. ಆ ಟೇಪಿನಾಕಿ ನನ್ನ ಅಳತೀನೂ ತಗೋತಾಳೇನವಾ?"

ಪ್ರಣಾಲಿ