ನಮ್ಮ ಡಾಕ್ಟರಮ್ಮನ ಪರದೇಶ ಸೇವೆ

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ ಅಂದುಕೋ. ತಲುಪಿದ ಮರುದಿನವೇ ಕಾಗದ ಹಾಕುತ್ತೇನೆ ಎಂದವಳು ಇಷ್ಟು ತಡಮಾಡಿದೆ, ಬೈಯಬೇಡ. ಅಕ್ಷರವೂ ಕಾಗೆ ಕಾಲು ಗುಬ್ಬಿ ಕಾಲಾಗಿದೆ. ಬಲಗೈ ಬೆರಳುಗಳಲ್ಲಿ ಪೆನ್ನು ನಿಲ್ಲುವುದೇ ಇಲ್ಲ. ಈ ಕೈ ತೋರಿಸುವುದಕ್ಕೇ ನಾನು ಡಾಕ್ಟರ್ ಮಗಳ ಬೆನ್ನು ಹತ್ತಿ ಸಮುದ್ರ ದಾಟಿದ್ದು ನಿನಗೆ ಗೊತ್ತಲ್ಲ. “ಇಲ್ಲಿ ಪುರುಸೊತ್ತೇ ಇಲ್ಲಮ್ಮ. ಶಿಬಿರಕ್ಕೆ ಬಾ, ಅಲ್ಲಿ ಆರಾಮಾಗಿ ನೋಡ್ತೀನಿ” ಅಂದಿದ್ದಳು. ಹೆತ್ತ ಮಗಳಿಗೆ ಕೈ ತೋರಿಸಲು ಪಾಸ್‌ಪೋರ್ಟ್ ಮಾಡಿಸಿದ ತಾಯಿ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಈ ಸೇವೆಯ ಚೆಂದ ಕೇಳು. ತಂಡದವರಿಗೆಲ್ಲ ಒಂದೇ ಹಳದಿ ಟೀ ಶರ್ಟು, ಬೆನ್ನ ಮೇಲೆ ‘ನಿಮಗಾಗಿ ನಾವು’ ಎಂಬ ಬರಹ. ನನಗೂ ಒಂದು ಕೊಟ್ಟಿದ್ದಾರೆ. ನೆಲ ಒರೆಸಲು ಚೆನ್ನಾಗಿದೆ. ತಂಡದ ಮುಖಂಡನಿಗೆ ನಾನು ಭಾಷಣಪ್ಪ ಎಂದು ಹೆಸರಿಟ್ಟಿದ್ದೇನೆ. ಜ್ವರ ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿ, ತನ್ನ ಮಾತು ಮುಗಿಯುವವರೆಗೆ ಔಷಧಿಯ ಪೆಟ್ಟಿಗೆ ತೆಗೆಯಲು ಬಿಡುವುದಿಲ್ಲ.

ಶಿಬಿರ ನಡೆಯುವುದು ಒಂದು ಶಾಲೆಯಲ್ಲಿ. ಕೋಣೆಗಳಲ್ಲಿ ನಾವು ಕೂತು ಮಕ್ಕಳನ್ನು ಜಗಲಿಗೆ ಅಟ್ಟಿದ್ದೇವೆ. ಇದಕ್ಕೆ ಶಿಕ್ಷಣ ಸೇವೆ ಎಂದು ಹೆಸರು. ನಮ್ಮ ತಂಡದ ಕಾಲೇಜು ಹುಡುಗಿಯರು ಕೈ ತೊಳೆಯುವ ಹಾಡು ಕಲಿಸಿದರು. ನಲ್ಲಿಯಲ್ಲಿ ನೀರೇ ಇಲ್ಲ. ಮಕ್ಕಳು ಗಾಳಿಯಲ್ಲೇ ಕೈ ಉಜ್ಜಿಕೊಂಡು ಹಾಡಿದವು, ಭಾಷಣಪ್ಪ ವಿಡಿಯೊ ಮಾಡಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗಾಯಿತು. ಆ ಶಾಲೆಯ ಮೇಡಂ ನಮ್ಮ ದುಭಾಷಿ ಹುಡುಗಿಯನ್ನು ಕರೆದುಕೊಂಡು ನನ್ನ ಬಳಿ ಬಂದರು. ಈ ಹುಡುಗಿ ನಮ್ಮ ಕಡೆ ಓದಿದವಳು, ಕನ್ನಡ ಬಲ್ಲವಳು. ನೀವು ಯಾವತ್ತು ಹೊರಡುತ್ತೀರಿ ಎಂದು ಮೇಡಂ ಅವಳಿಂದ ಬಹಳ ವಿನಯವಾಗಿ ಕೇಳಿಸಿದರು. ಪರೀಕ್ಷೆ ಹತ್ತಿರ ಬಂದಿದೆಯಂತೆ. ಬದುಕೆಲ್ಲ ಪಾಠ ಮಾಡಿದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನನ್ನ ಕೆಲಸ ಬಾಗಿಲಲ್ಲಿ ಕೂತು ಟೋಕನ್ ಕೊಡುವುದು. ಒಬ್ಬ ಮುದುಕ ದರ್ಜಿ ದಿನಾ ಬರುತ್ತಾನೆ. ಒಂದು ದಿನ ಮೊಣಕಾಲು, ಒಂದು ದಿನ ಕಿವಿ, ಆಮೇಲೆ ಹಲ್ಲು. ಬೊಚ್ಚುಬಾಯಿಯಲ್ಲಿ ಹಲ್ಲುನೋವು! ಇದೇನಯ್ಯಾ ಎಂದು ದುಭಾಷಿಯಿಂದ ಕೇಳಿಸಿದೆ. ಅಷ್ಟು ದೂರದಿಂದ ಬಂದಿದ್ದೀರಿ, ಯಾರೂ ಬಾರದಿದ್ದರೆ ನಿಮಗೆ ಬೇಜಾರಾಗುವುದಿಲ್ಲವೇ ಅಂದ. ಭಾಷಣಪ್ಪ ಅವನನ್ನು ದಿನಕ್ಕೊಬ್ಬ ಹೊಸ ರೋಗಿ ಎಂದು ಲೆಕ್ಕ ಹಿಡಿದಿದ್ದಾನೆ.

ಇನ್ನು ಮಗಳ ವಿಷಯ. ಊಟಕ್ಕೆ ಕೂತಾಗ ಕೈ ಚಾಚಿದೆ. ಇಡೀ ದಿನ ಕೈಕಾಲು ನೋಡಿ ಸಾಕಾಗಿದೆ, ನಾಳೆ ನೋಡುತ್ತೇನೆ ಅಂದಳು. ನಾಳೆಯೂ ಬಂತು, ನಾಡಿದ್ದೂ ಬಂತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಮ್ಮಮ್ಮ ಅಪ್ಪನಿಗೆ ಅನ್ನುತ್ತಿದ್ದಳಲ್ಲ, ಅದೇ ರಕ್ತ. ನನಗೆ ಅವಳ ಮೇಲೆ ಸಿಟ್ಟಿದೆ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ.

ನಿಮ್ಮ ಯಜಮಾನರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಸೇವೆ ಮಾಡುವವರ ಕೈಗೆ ಸಿಗದ ಹಾಗೆ ಇಟ್ಟಿರಲಿ.

ಇಂತಿ ನಿನ್ನ
ಅಕ್ಕ

ತಾ.ಕ.: ನಿನ್ನೆ ಒಂದು ಟೋಕನ್ ನಾನೇ ಇಟ್ಟುಕೊಂಡೆ. ತಲೆತುಂಬ ಶಾಲು ಹೊದ್ದು, ಮಾಸ್ಕ್ ಏರಿಸಿಕೊಂಡು, ಸರದಿ ಬಂದಾಗ ಮಗಳ ಮುಂದೆ ಕೂತೆ. ಅವಳು ತಲೆ ಎತ್ತಲಿಲ್ಲ. ಕೈ ಹಿಡಿದು ಒಂದೊಂದೇ ಬೆರಳನ್ನು ಒತ್ತಿ, ಮಡಿಸಿ, ಬಿಡಿಸಿ ನೋಡಿದಳು. ಅಷ್ಟು ಮೆತ್ತಗೆ ಅವಳು ನನ್ನನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು.

“ಅಜ್ಜಿಗೆ ಮನೇಲಿ ನೋಡ್ಕೊಳ್ಳೋರು ಯಾರಾದ್ರೂ ಇದ್ದಾರಾ, ಕೇಳು” ಅಂದಳು ದುಭಾಷಿಗೆ. ಆ ಹುಡುಗಿ ನನ್ನ ಗುರುತು ಹಿಡಿದು ಬಿಳಿಚಿಕೊಂಡಳು. ನಾನು ಕಣ್ಣಲ್ಲೇ ಅವಳನ್ನು ತಡೆದೆ. ನಮ್ಮಲ್ಲಿ ಯಾರು ಒಂದು ಮಾತಾಡಿದ್ದರೂ ಮಗಳು ಕೈ ಬಿಟ್ಟು, ನಾಳೆ ನೋಡ್ತೀನಿ ಅನ್ನುತ್ತಿದ್ದಳು.

“ನರದ ತೊಂದರೆ ಇದು. ಇಷ್ಟು ದಿನ ಬಿಡಬಾರದಾಗಿತ್ತು. ಬೇಗ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಮನೆಯವರಿಗೆ ಹೇಳ್ಬೇಕು” ಎಂದು ಮುಂದಿನವರನ್ನು ಕರೆದಳು.

ಮನೆಯವರಿಗೆ ಹೇಳಬೇಕಂತೆ. ಅದಕ್ಕೇ ನಿನಗೆ ಬರೆದೆ.