ಓವನ್ನಿಗೆ ಇಟ್ಟ ಬೊಟ್ಟು

ಕೋಣನಕುಂಟೆ
17 ಫೆಬ್ರವರಿ 2025, ಸೋಮವಾರ

ಪ್ರೀತಿಯ ಲತಾಮಣಿಗೆ ನಿನ್ನ ಬೈರಿಯ ನೆನಪುಗಳು.

ಸಂಕ್ರಾಂತಿಗೆ ನೀನು ಬರೆದ ಕಾಗದಕ್ಕೆ ಇವತ್ತು ಉತ್ತರ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಬೈದುಬಿಡು, ನನ್ನನ್ನು ಬೈಯುವ ಹಕ್ಕು ಈಗ ನಿನಗೊಬ್ಬಳಿಗೇ ಉಳಿದಿರುವುದು. ಫೋನ್ ಮಾಡಬಹುದಿತ್ತು. ಆದರೆ ನಾನು ಫೋನಿನಲ್ಲಿ ಮಾತಾಡಿದರೆ ಪಕ್ಕದ ಬೀದಿಗೂ ಕೇಳಿಸುತ್ತದೆ ಎಂದು ನೀನೇ ಎಷ್ಟು ಸಲ ಹಂಗಿಸಿಲ್ಲ? ಇದು ಮನೆಯವರ ಕಿವಿಗೆ ಬೀಳಬಾರದ ಮಾತು. ನಿನ್ನ ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಚಳಿ ಹೋಯಿತಾ? ಇಲ್ಲಿ ಆಗಲೇ ಫ್ಯಾನು ಬೇಕು ಅನ್ನಿಸುತ್ತಿದೆ.

ನನ್ನ ಸುದ್ದಿ ಏನೆಂದರೆ, ಮೊಮ್ಮಗಳು ಲಾಸ್ಯಳನ್ನು ನನ್ನ ಕೈಯಿಂದ ಬಿಡಿಸಿ ಡೇಕೇರ್‌ಗೆ ಹಾಕುವ ಮಾತು ನಡೆದಿತ್ತು. ನಿನ್ನೆ ಭಾನುವಾರ ಅದರ ತೀರ್ಮಾನ. ತೀರ್ಮಾನಿಸಬೇಕಾದದ್ದು ಮೈಕ್ರೋವೇವ್ ಓವನ್ನು. ನಗಬೇಡ, ಪೂರ್ತಿ ಓದು.

ಕೊರೋನಾ ಬಂದು ಹೋದಮೇಲೆ ನನ್ನ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ನಿನಗೆ ಗೊತ್ತಲ್ಲ. ಒಂದು ದಿನ ಹಾಲು ಉಕ್ಕಿ ಉರಿ ಆರಿಹೋಗಿ, ಗ್ಯಾಸ್ ಮನೆಯೆಲ್ಲ ತುಂಬಿಕೊಂಡರೂ ನಾನು ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅವತ್ತೇ ನಮ್ಮ ಯಜಮಾನರು, ನಾನು ಒಬ್ಬಳೇ ಇದ್ದಾಗ ಒಲೆ ಹಚ್ಚಕೂಡದು ಎಂದು ಹೇಳಿ ಆ ಓವನ್ನು ತಂದರು. ಅದರ ಮುಖ ಸ್ಲೇಟಿನ ಹಾಗೆ ನುಣ್ಣಗೆ, ಬಟನ್ನು ಎಲ್ಲಿದೆ ಎಂದೇ ಕೈಗೆ ತಿಳಿಯದು. ಮೇಲೆ ಬರೆದಿರುವುದೆಲ್ಲ ಇಂಗ್ಲಿಷು. ನಾನು ಹೆದರಿ ಹತ್ತಿರವೇ ಹೋಗಲಿಲ್ಲ. ಆಗ ಅವರು ನನ್ನ ಬೊಟ್ಟಿನ ಪ್ಯಾಕೆಟ್ಟು ತಂದು ಮೂರು ಬೊಟ್ಟು ಅಂಟಿಸಿದರು. ಚಿಕ್ಕ ಬೊಟ್ಟು ಅನ್ನಕ್ಕೆ, ಅಕ್ಕಿ ನೀರು ಇಟ್ಟು ಒತ್ತಿದರೆ ಎಷ್ಟು ಹೊತ್ತು ಎಂದು ಅದೇ ನೋಡಿಕೊಳ್ಳುತ್ತದೆ. ನಡು ಬೊಟ್ಟು ಫ್ರೀಜರಿನ ಗಟ್ಟಿ ಪದಾರ್ಥ ಕರಗಿಸುವುದಕ್ಕೆ, ಒಂದು ಸಲ ಒತ್ತಿದರೆ ಕಾಲು ಕೆ.ಜಿ., ಎರಡು ಸಲ ಒತ್ತಿದರೆ ಅರ್ಧ. ದೊಡ್ಡ ಬೊಟ್ಟು ಶುರು ಮಾಡುವುದಕ್ಕೆ. "ಹಣೆಗೆ ಇಟ್ಕೊಳ್ಳೋದನ್ನ ಇದಕ್ಕೂ ಇಟ್ಟಿದ್ದೀನಿ, ಇನ್ನು ಇದೂ ನಿನ್ನ ಮಾತು ಕೇಳುತ್ತೆ ಬಿಡು" ಎಂದು ಚುಡಾಯಿಸಿದ್ದರು. ಕೇಳಿತು ಕೂಡ. ಲಾಸ್ಯ ಮಧ್ಯಾಹ್ನ ಸ್ಕೂಲಿಂದ ಬರುವ ಹೊತ್ತಿಗೆ ಅನ್ನ, ಸಾರು ಬಿಸಿಬಿಸಿಯಾಗಿ ತಟ್ಟೆಯಲ್ಲಿರುತ್ತಿತ್ತು.

ಕಾರ್ತಿಕದಲ್ಲಿ ಅವರು ಹೋದರು. ಹನ್ನೊಂದರ ದಿನ ಅವರ ಅಕ್ಕ ಪಿಳ್ಳಮ್ಮನವರು ನನಗೆ ಮಾಡಬೇಕಾದ್ದನ್ನೆಲ್ಲ ಮಾಡಿದರು. ಆಮೇಲೆ ಮನೆಯೆಲ್ಲ ಓಡಾಡಿ, ಮುಖ ತೊಳೆಯುವಾಗ ನಾನು ಕನ್ನಡಿಗೆ, ಬೀರುವಿನ ಬಾಗಿಲಿಗೆ, ಬಚ್ಚಲ ಗೋಡೆಗೆ ಅಂಟಿಸಿ ಮರೆತಿದ್ದ ಬೊಟ್ಟುಗಳನ್ನು ಉಗುರಿನಿಂದ ಕೆರೆದು ತೆಗೆದರು. ಓವನ್ನಿನ ಮೇಲಿದ್ದ ಮೂರೂ ಅದೇ ಜಾತಿಯವು ಅಂದುಕೊಂಡರು. ಅವರನ್ನು ಏಕೆ ದೂರಲಿ, ಮಗ ರಘು, ಸೊಸೆ ದಿವ್ಯ ಕೂಡ ಹಾಗೇ ತಿಳಿದಿದ್ದರು. ಹೆಂಗಸರು ಬೊಟ್ಟು ಎಲ್ಲೆಂದರಲ್ಲಿ ಅಂಟಿಸುತ್ತಾರೆ ತಾನೆ?

ಸಂಕ್ರಾಂತಿವರೆಗೆ ದಿವ್ಯ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದಳು, ಹಾಗಾಗಿ ತೊಂದರೆಯಾಗಲಿಲ್ಲ. ಅವಳು ಮತ್ತೆ ಆಫೀಸಿಗೆ ಹೋಗಲು ಶುರು ಮಾಡಿದ ವಾರವೇ ಅನಾಹುತವಾಯಿತು. ಹಿತಕಿದ ಅವರೆ ಸಾರನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ತುಂಬಿ ಫ್ರೀಜರಿನಲ್ಲಿಟ್ಟಿದ್ದೆವು. ಅಂದಾಜಿನ ಮೇಲೆ ಯಾವುದೋ ಬಟನ್ನು ಒತ್ತಿದೆ. ಕರಗಿಸುವ ಬದಲು ಅದು ಬೇಯಿಸಲು ಹಿಡಿಯಿತು. ಡಬ್ಬಿ ಕರಗಿ, ಸಾರು ಸೀದು, ಹೊಗೆ ತುಂಬಿತು. ನನಗೆ ವಾಸನೆ ಎಲ್ಲಿ ಬರಬೇಕು? ಲಾಸ್ಯ ಬಾಗಿಲಿನಿಂದಲೇ ಕೆಮ್ಮುತ್ತಾ ಬಂದಾಗಲೇ ಗೊತ್ತಾದದ್ದು. ಲತಾ, ಆ ಮಗುವಿನ ಕೆಮ್ಮು ಈಗಲೂ ನನ್ನ ಕಿವಿಯಲ್ಲಿದೆ.

ರಘು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಅಪ್ಪ ಹೋದಮೇಲೆ ಅಮ್ಮನ ತಲೆ ನಿಲ್ಲುತ್ತಿಲ್ಲ, ಡಾಕ್ಟರಿಗೆ ತೋರಿಸೋಣ ಎಂದು ರೂಮಿನಲ್ಲಿ ದಿವ್ಯಳಿಗೆ ಹೇಳುತ್ತಿದ್ದ. ನಿಜ ಹೇಳಿಬಿಡಬಹುದಿತ್ತು. ಆದರೆ ಗಂಡ ಸತ್ತು ವರ್ಷ ತುಂಬದ ಮನೆಯಲ್ಲಿ ನಾನು, ಬೊಟ್ಟಿಲ್ಲದೆ ಕಷ್ಟವಾಗುತ್ತಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಅವನು ಎರಡು ಸಲ ಬಟನ್ನುಗಳನ್ನು ತೋರಿಸಿಕೊಟ್ಟ. ಅವನ ದನಿಯಲ್ಲಿದ್ದ ಕನಿಕರ ನೋಡಿಯೇ ನನಗೆ ಎಲ್ಲ ಮರೆತುಹೋಯಿತು.

ಕೊನೆಗೆ ದಿವ್ಯಳೇ ಮಾತು ಮುಗಿಸಿದಳು. "ಭಾನುವಾರ ನಮ್ಮೆದುರಿಗೇ ಒಂದ್ಸಲ ಮಾಡಿ ತೋರಿಸಿ ಅತ್ತೆ. ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಸೋಮವಾರದಿಂದ ಅವಳನ್ನ ಜೆ.ಪಿ. ನಗರದ ಡೇಕೇರ್‌ಗೆ ಬಿಡ್ತೀನಿ." ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಅವಳು ತಾಯಿ. ಆದರೆ ಆ ಮಗು ಬಾಗಿಲು ತಟ್ಟುವ ಸದ್ದು ಬಿಟ್ಟರೆ ನನಗೆ ಈಗ ಮಧ್ಯಾಹ್ನ ಅಂತ ಏನಿದೆ?

ಮನೆಯಲ್ಲಿ ಯಾರೂ ಇಲ್ಲದಾಗ ಓವನ್ನಿನ ಮುಖದ ಮೇಲೆ ಬೆರಳಾಡಿಸಿದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಕಿತ್ತ ಬೊಟ್ಟಿನ ಅಂಟು ಮೂರು ಕಡೆ ಉಳಿದಿತ್ತು, ಒಂದೊಂದೂ ತನ್ನ ಅಳತೆಯಲ್ಲೇ. ಆದರೆ ಬರೀ ಅಂಟು ನಂಬಿಕೊಂಡು ಅವರೆಲ್ಲರ ಎದುರು ಕೈ ಹಾಕುವ ಧೈರ್ಯವಾಗಲಿಲ್ಲ. ಕ್ರಾಸಿನ ಹತ್ತಿರದ ಫ್ಯಾನ್ಸಿ ಸ್ಟೋರಿಗೆ ಹೋದೆ. ಅಂಗಡಿಯ ಹುಡುಗಿ ನನ್ನ ಹಣೆ ನೋಡಿ "ಯಾರಿಗೆ ಆಂಟಿ?" ಅಂದಳು. ಸೊಸೆಗೆ ಅಂದೆ. ಕದ್ದ ಮಾಲಿನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಅಂಟಿನ ಗುರುತಿನ ಮೇಲೇ ಮೂರನ್ನೂ ಅಂಟಿಸಿದೆ.

ನಿನ್ನೆ ನಮ್ಮ ಗ್ರಹಚಾರಕ್ಕೆ ಪಿಳ್ಳಮ್ಮನವರೂ ತಲಘಟ್ಟಪುರದಿಂದ ಬಂದಿದ್ದರು. ಎಲ್ಲರೂ ಅಡುಗೆಮನೆಯಲ್ಲಿ ನಿಂತರು. ನಾನು ಫ್ರೀಜರಿನಿಂದ ಅರ್ಧ ಕೆ.ಜಿ. ಅವರೆಕಾಳಿನ ಡಬ್ಬಿ ತೆಗೆದು ಓವನ್ನಿಗಿಡುವಷ್ಟರಲ್ಲಿ ಪಿಳ್ಳಮ್ಮನವರ ಕಣ್ಣು ಅದರ ಮುಖದ ಬೊಟ್ಟುಗಳ ಮೇಲೆ ಬಿತ್ತು.

"ಇದೇನ್ ಬೈರಮ್ಮ, ನನ್ ತಮ್ಮ ಹೋಗಿ ವರ್ಷ ತುಂಬಿಲ್ಲ, ಆಗ್ಲೇ ಬೊಟ್ಟು ಇಟ್ಕೊಂಡಿದ್ದೀಯಾ?"

ರಘು ತಲೆ ತಗ್ಗಿಸಿದ. ದಿವ್ಯ ನನ್ನ ಹಣೆ ನೋಡಿದಳು. ಉತ್ತರ ಕೊಡಲು ಹೋದರೆ ಅಳು ಬರುತ್ತದೆ, ಅತ್ತರೆ ಮಗು ಡೇಕೇರ್‌ಗೆ ಹೋಗುತ್ತದೆ. ನಡು ಬೊಟ್ಟು ಎರಡು ಸಲ ಒತ್ತಿದೆ. ದೊಡ್ಡ ಬೊಟ್ಟು ಒತ್ತಿದೆ. ತಟ್ಟೆ ತಿರುಗತೊಡಗಿತು. ನಡುವೆ ಅದು ಕೀಂಗುಟ್ಟಿ ನಿಂತಿತು. ಕೆಟ್ಟುಹೋಯಿತು ಎಂದು ದಿವ್ಯ ಕೈ ಮುಂದೆ ಮಾಡಿದಳು. ಅದು ಮಗುಚಿ ಹಾಕು ಎಂದು ಕರೆಯುವ ಸದ್ದು ಎಂದು ನನಗೆ ಗೊತ್ತಿತ್ತು; ಬಾಗಿಲು ತೆಗೆದು, ಕಾಳಿನ ಗಡ್ಡೆಯನ್ನು ಮಗುಚಿ ಹಾಕಿ ಮತ್ತೆ ದೊಡ್ಡ ಬೊಟ್ಟು ಒತ್ತಿದೆ. ಕಾಳು ಬಿಡಿಬಿಡಿಯಾಗಿ ಹೊರಗೆ ಬಂತು, ಒಂದೂ ಬೆಂದಿರಲಿಲ್ಲ. ಆಮೇಲೆ ಅಕ್ಕಿ ಇಟ್ಟು ಚಿಕ್ಕ ಬೊಟ್ಟು ಒತ್ತಿದೆ.

ಅನ್ನ ಆಗುತ್ತಿದ್ದಾಗ ರಘು ಮೆಲ್ಲಗೆ ಕೇಳಿದ: "ಮುಂಚೆ ಇದ್ದಿದ್ದನ್ನ ಅಪ್ಪ ಅಂಟಿಸಿದ್ರಾ?"

ಹೂಂ ಅಂದೆ. ಪಿಳ್ಳಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ನಡುಮನೆಗೆ ಹೋದರು. ಅವರೂ ತಮ್ಮನನ್ನು ಕಳೆದುಕೊಂಡವರೇ. ಇವತ್ತು ಲಾಸ್ಯ ಡೇಕೇರ್‌ಗೆ ಹೋಗಲಿಲ್ಲ. ಈಗ ಊಟ ಮಾಡಿ ನನ್ನ ಪಕ್ಕದಲ್ಲೇ ಮಲಗಿದ್ದಾಳೆ, ಅದಕ್ಕೇ ಅಕ್ಷರ ಸೊಟ್ಟ.

ನಿನ್ನ ಮಕ್ಕಳು ಮೊಮ್ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಬೈರಿ

ಮರೆತಿದ್ದೆ: ಪ್ಯಾಕೆಟ್ಟಿನಲ್ಲಿ ಇನ್ನೂ ಕೆಲವು ಬೊಟ್ಟು ಉಳಿದಿದ್ದವು. ರಾತ್ರಿ ದಿವ್ಯ ಅದನ್ನು ತನ್ನ ಬೀರುವಿಗೆ ತೆಗೆದುಕೊಂಡು ಹೋದಳು. "ಉದುರಿದ್ರೆ ನಾನೇ ಅಂಟಿಸ್ತೀನಿ ಅತ್ತೆ, ನಿಮ್ಮ ಹತ್ರ ಇದ್ರೆ ನೋಡ್ದೋರು ಏನಾದ್ರೂ ಅಂತಾರೆ" ಅಂದಳು, ಪ್ರೀತಿಯಿಂದಲೇ. ಹನ್ನೊಂದರ ದಿನ ಹಣೆಯದನ್ನು ತೆಗೆದಾಗ ನಾನು ಅಳಲಿಲ್ಲ, ಲತಾ. ನಿನ್ನೆ ರಾತ್ರಿ ಅತ್ತುಬಿಟ್ಟೆ. ಓವನ್ನಿಗೆ ಇಟ್ಟರೆ ಈಗ ಮನೆಯಲ್ಲಿ ಯಾರಿಗೂ ಬೇಜಾರಿಲ್ಲ. ನೀನು ಬರುವಾಗ ಒಂದು ಪ್ಯಾಕೆಟ್ಟು ತಾ, ಚಿಕ್ಕ ಬೊಟ್ಟಿನದು. ಯಾರಿಗೆ ಎಂದು ಕೇಳಬೇಡ.